ಪಕ್ಕದವರ ಟ್ಯಾಂಕಿನ ಹೊಳಪು

ನನ್ನ ಹೆಂಡತಿ ದಿನಾ ಬೆಳಿಗ್ಗೆ ಪಕ್ಕದವರ ಪೆಟ್ರೋಲ್ ಟ್ಯಾಂಕಿನಲ್ಲಿ ಮುಖ ನೋಡಿಕೊಳ್ಳುತ್ತಾಳೆ. ಇದನ್ನು ನಿಮ್ಮಲ್ಲಿ ಹೇಳಿಕೊಳ್ಳದೆ ಇನ್ಯಾರಲ್ಲಿ ಹೇಳಿಕೊಳ್ಳಲಿ? ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಕೆಳಗೆ ಎರಡು ಹಳೆಯ ಮೋಟಾರ್‌ಸೈಕಲ್‌ಗಳು ಅಕ್ಕಪಕ್ಕ ನಿಲ್ಲುತ್ತವೆ. ಒಂದು ನನ್ನದು, ಇನ್ನೊಂದು ಪಕ್ಕದ ಫ್ಲಾಟಿನ ರಘುರಾಮಣ್ಣನದು. ಕಂಪೆನಿ ಒಂದೇ, ವಯಸ್ಸೂ ಹೆಚ್ಚುಕಮ್ಮಿ ಒಂದೇ. ಆದರೆ ಅವರದ್ದು ಮದುವೆಗೆ ಹೊರಟ ಹಾಗಿದೆ, ನನ್ನದು ಮದುವೆ ಮುಗಿದ ಮೇಲೆ ಪಾತ್ರೆ ತೊಳೆಯಲು ಕೂತ ಹಾಗಿದೆ. ಇವಳಿಗೆ ಗೋರೆಗಾಂವಿನ ಶಾಲೆಯಲ್ಲಿ ಕೆಲಸ. ಸ್ಟೇಷನ್ನಿಗೆ ಬಿಡಲು ನಾನು ಕಿಕ್ ಹೊಡೆಯುತ್ತಿರುವಾಗ ಇವಳು ಅವರ ಟ್ಯಾಂಕಿನ ಕಡೆ ಬಗ್ಗಿ, ಬೊಟ್ಟು ನೆಟ್ಟಗಿದೆಯೇ ನೋಡಿ, ಕೂದಲು ಸರಿಮಾಡಿ, ಆಮೇಲೆ ನನ್ನ ಹಿಂದೆ ಕೂರುತ್ತಾಳೆ. ಕೂರುವ ಮೊದಲು ಸೀಟಿನ ಪಕ್ಕದ ಸರಳಿಗೆ ಕರವಸ್ತ್ರ ಹೊದಿಸುತ್ತಾಳೆ, ಸೀರೆಗೆ ತುಕ್ಕು ಹತ್ತದ ಹಾಗೆ. ನಿನ್ನ ಗಾಡಿಗೆ ಕನ್ನಡಿಯೇ ಇಲ್ಲವೇ ಎಂದು ಕೇಳಬೇಡಿ. ಒಂದಿದೆ. ಅದರಲ್ಲಿ ನನ್ನ ಮೊಣಕೈ ಮಾತ್ರ ಕಾಣುತ್ತದೆ.

ಹೊಟ್ಟೆಕಿಚ್ಚು ಎಂಬ ಮಾತನ್ನು ಹುಟ್ಟಿಸಿದವನು ಖಂಡಿತ ಅನುಭವಸ್ಥ. ಕಣ್ಣಿನಲ್ಲಿ ಶುರುವಾಗುವ ಬೇನೆಗೆ ಹೊಟ್ಟೆಯನ್ನೇಕೆ ಎಳೆದು ತಂದ ಎಂದು ನಾನೂ ಒಂದು ಕಾಲದಲ್ಲಿ ಯೋಚಿಸಿದ್ದೆ. ಈಗ ಗೊತ್ತಾಗಿದೆ. ಬೆಳಗಿನ ಇಡ್ಲಿ ಆ ಟ್ಯಾಂಕನ್ನು ಕಂಡ ಮೇಲೆ ಅರಗುವುದೇ ಇಲ್ಲ. ಹೊಟ್ಟೆಕಿಚ್ಚನ್ನು ತುಕ್ಕಿಗೆ ಹೋಲಿಸುವವರಿದ್ದಾರೆ, ಅದು ತುಕ್ಕಿಗೆ ಮಾಡುವ ಅವಮಾನ. ತುಕ್ಕು ಪಾಪ, ತಾನು ಹುಟ್ಟಿದ ಕಬ್ಬಿಣವನ್ನಷ್ಟೇ ತಿಂದುಕೊಂಡು ಬಿದ್ದಿರುತ್ತದೆ, ಪಕ್ಕದ ಗಾಡಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನಾನೋ, ಯಾರೂ ಇಲ್ಲದಾಗ ರಘುರಾಮಣ್ಣನ ಗಾಡಿಯ ಸುತ್ತ ಬಗ್ಗಿ ಬಗ್ಗಿ ಒಂದಾದರೂ ಕೆಂಪು ಚುಕ್ಕೆ ಸಿಕ್ಕೀತೇ ಎಂದು ಹುಡುಕುತ್ತಿದ್ದೆ. ಈ ಊರಿನ ಕಡಲ ಉಪ್ಪುಗಾಳಿ ಗೇಟು, ಗ್ರಿಲ್ಲು, ಕಿಟಕಿಯ ಕೊಂಡಿ ಯಾವುದನ್ನೂ ಬಿಟ್ಟದ್ದಿಲ್ಲ. ಅವರ ಗಾಡಿಯನ್ನು ಮಾತ್ರ ಯಾಕೆ ಬಿಟ್ಟಿತು?

ಹಾಗೆ ನೋಡಿದರೆ ಲೋಹದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಸ್ಟೇಷನ್ ಹತ್ತಿರ ನಮ್ಮದೊಂದು ಸಣ್ಣ ಉಡುಪಿ ಹೋಟೆಲಿದೆ. ತುಕ್ಕು ಹಿಡಿದ ದೋಸೆ ಕಾವಲಿಯನ್ನು ಸರಿಮಾಡುವುದು ಹೇಗೆ? ಹುಣಸೆಹುಳಿ ಹಚ್ಚಿ ತಿಕ್ಕುವುದು, ಎಣ್ಣೆ ಸವರುವುದು, ಕಾಯಿಸುವುದು. ಹೀಗೆ ಪಳಗಿಸಿದ ಕಾವಲಿ ಹೊಸದಕ್ಕಿಂತ ಚೆನ್ನ. ಮೋಟಾರ್‌ಸೈಕಲ್ಲೂ ಕಬ್ಬಿಣವೇ ತಾನೆ? ಒಂದು ಭಾನುವಾರ ಹೋಟೆಲಿನಿಂದ ಹುಣಸೆಹುಳಿ, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್, ತೆಂಗಿನೆಣ್ಣೆ ತಂದು, ಟ್ಯಾಂಕಿನಿಂದ ಸೈಲೆನ್ಸರಿನವರೆಗೆ ಬೆವರಿಳಿಯುವಷ್ಟು ತಿಕ್ಕಿದೆ. ಮನೆಯ ಮದುಮಗನಿಗೆ ಹಚ್ಚುವ ಹಾಗೆ ಧಾರಾಳವಾಗಿ ಎಣ್ಣೆ ಹಚ್ಚಿದೆ. ಸಂಜೆಯ ಬಿಸಿಲಿಗೆ ಅದು ಫಳಫಳ ಹೊಳೆದದ್ದೂ ನಿಜ.

ಸೋಮವಾರ ಸಿಗ್ನಲ್ಲಿನಲ್ಲಿ ನಿಂತಾಗ ಸೈಲೆನ್ಸರ್ ಕಾದು ಹೊಗೆಯಾಡತೊಡಗಿತು. ಪಕ್ಕದ ರಿಕ್ಷಾದವನು ಮೂಗರಳಿಸಿ, ತಿಂಡಿ ಎಲ್ಲಿ ಕರಿಯುತ್ತಿದ್ದಾರೆ ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಿದ. ಹಿಂದೆ ಕೂತವಳು ಎಷ್ಟು ನಕ್ಕಳೆಂದರೆ ಗಾಡಿಯೇ ಅಲುಗಾಡಿತು. ನಗು ಅಲ್ಲಿಗೇ ಮುಗಿದಿದ್ದರೆ ಪರವಾಗಿರಲಿಲ್ಲ. ಕಬ್ಬಿಣದ ಮೇಲೆ ಕ್ರೋಮಿನ ಪದರ ಇರುವುದು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ನನ್ನ ಸ್ಕ್ರಬ್ಬರ್ ಅದನ್ನು ಉದ್ದಕ್ಕೂ ಗೀರಿಹಾಕಿತ್ತು. ಮೊದಲ ಮಳೆಗೇ ಗೀರು ಗೀರಿನಲ್ಲೂ ತುಕ್ಕು ಎದ್ದಿತು, ಎಣ್ಣೆಗೆ ರಸ್ತೆಯ ಧೂಳೆಲ್ಲ ಬಂದು ಮೆತ್ತಿಕೊಂಡಿತು. ಇವಳು ಒಂದರ ಬದಲು ಎರಡು ಕರವಸ್ತ್ರ ಹೊದಿಸತೊಡಗಿದಳು.

ಕೊನೆಗೆ ಮಾನ ಮರ್ಯಾದೆ ಬಿಟ್ಟು ರಘುರಾಮಣ್ಣನನ್ನೇ ಕೇಳಿದೆ. ಅವರು ಗುಟ್ಟು ಬಿಟ್ಟುಕೊಡದವರಾಗಿದ್ದರೆ ಅವರನ್ನು ಬೈದುಕೊಳ್ಳುವುದಾದರೂ ಸುಲಭವಿತ್ತು. ಆ ಮನುಷ್ಯ ಖುಷಿಯಿಂದ ಕೆಳಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ಸಿಲ್ವರ್ ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ತಿಕ್ಕಬೇಕು. ಅದು ಕ್ರೋಮಿಗಿಂತ ಮೆದು, ತುಕ್ಕನ್ನಷ್ಟೇ ಎಬ್ಬಿಸುತ್ತದೆ. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಉಪ್ಪುಗಾಳಿ ತಾಗದಂತೆ ತೆಳ್ಳಗೆ ಮೇಣ ಹಚ್ಚಬೇಕು. ಇಷ್ಟೇ. ಇಷ್ಟೊಂದು ಫಾಯಿಲ್ ಎಲ್ಲಿಂದ ತರುತ್ತೀರಿ ಎಂದೆ.

"ನಿಮ್ಮ ಹೋಟೆಲಿನದ್ದೇ ಮಾರಾಯ್ರೇ. ಮಸಾಲೆ ದೋಸೆ ಪಾರ್ಸೆಲ್ ತರ್ತೇನಲ್ಲ, ತೊಳ್ದು ಇಟ್ಕೊಳ್ತೇನೆ."

ನೋಡಿ ನನ್ನ ಗತಿ. ನನ್ನ ಹೆಂಡತಿ ಬೊಟ್ಟು ನೋಡಿಕೊಳ್ಳುವ ಹೊಳಪಿಗೆ ಇಷ್ಟು ವರ್ಷ ಸರಂಜಾಮು ಒದಗಿಸಿದವನು ನಾನೇ! ಮರುದಿನ ಅವರ ದೋಸೆಯನ್ನು ಬೇಕೆಂದೇ ಬಾಳೆಲೆಯಲ್ಲಿ ಕಟ್ಟಿಸಿದೆ. ಸಂಜೆ ಲಿಫ್ಟಿನಲ್ಲಿ ಸಿಕ್ಕವರು, ಬಾಳೆಲೆಯ ಪರಿಮಳವೇ ಬೇರೆ ಎಂದು ನನ್ನ ಕೈ ಹಿಡಿದು ಹೊಗಳಿದರು.

ಮುಂದಿನ ಭಾನುವಾರ ನಾನೂ ಫಾಯಿಲ್ ಹಿಡಿದು ಕೂತೆ. ಗೀರು ಗೀರೇ, ಅದು ಹೋಗಲಿಲ್ಲ. ಆದರೂ ಟ್ಯಾಂಕಿನಲ್ಲಿ ಮುಖ ಎಂದು ಗುರುತಿಸಬಹುದಾದದ್ದು ಕಂಡಿತು. ಸೀಟಿನ ಹಿಂದಿನ ಹಿಡಿಯೊಂದು ಮಾತ್ರ ಹೊಳಪಿಗೆ ಬರಲಿಲ್ಲ. ಇವಳು ದಿನಾ ಹಿಡಿದುಕೊಳ್ಳುವ ಜಾಗದಲ್ಲಿ ಕ್ರೋಮ್ ಪೂರ್ತಿ ಸವೆದು, ಅದರಡಿಯ ನಿಕ್ಕಲಿನ ಹಳದಿ ಛಾಯೆ ಕಾಣುತ್ತಿತ್ತು. ವಿಚಿತ್ರವೆಂದರೆ ಅಲ್ಲಿ ತುಕ್ಕೂ ಇರಲಿಲ್ಲ. ಮೇಣ ಹಚ್ಚಿ ಬಿಟ್ಟುಬಿಟ್ಟೆ.

ಸೋಮವಾರ ಕಿಕ್ ಹೊಡೆಯದೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಗಾಡಿಯ ಪಕ್ಕ ನಿಂತೆ. ಇವಳು ಬಂದಳು. ನನ್ನ ಟ್ಯಾಂಕನ್ನು ನೋಡಿದಳು. ಆಮೇಲೆ ಆ ಕಡೆ ಹೋಗಿ ಅವರ ಟ್ಯಾಂಕಿಗೇ ಬಗ್ಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇದರಲ್ಲೂ ಮುಖ ಕಾಣುತ್ತದೆ ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಕಾಣ್ತದೆ, ನೋಡಿದೆ. ಮುಖ ನೋಡ್ಲಿಕ್ಕೆ ನಿಂತ ಗಾಡಿ ಸಾಕು. ನಿಮ್ಮದು ಸ್ಟಾರ್ಟ್ ಮಾಡಿ, ಲೋಕಲ್ ಟ್ರೈನ್ ತಪ್ತದೆ."

ನಿಂತ ಗಾಡಿ ಎಂಬುದು ನಿಜವೇ. ಮಳೆಗಾಲದಲ್ಲಿ ಕೆಸರೆಂದು, ಬೇಸಿಗೆಯಲ್ಲಿ ಧೂಳೆಂದು ರಘುರಾಮಣ್ಣ ಅದನ್ನು ಹೊರಗೆ ತೆಗೆಯುವುದೇ ಅಪರೂಪ. ಚಪ್ಪಲಿ ತಾಗಿ ಕ್ರೋಮ್ ಗೀರೀತು ಎಂದು ಒಮ್ಮೆ ಹೇಳಿದ್ದಕ್ಕೆ ಅವರ ಹೆಂಡತಿ ಅಂದಿನಿಂದ ರಿಕ್ಷಾದಲ್ಲೇ ಓಡಾಡುತ್ತಾರೆ. ಇವಳು ಹತ್ತಿ ಕೂತು, ಆ ಸವೆದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಲೆಯೆತ್ತಿ ನೋಡಿದರೆ ಮೇಲೆ ಬಾಲ್ಕನಿಯಲ್ಲಿ ರಘುರಾಮಣ್ಣ ಚಹಾ ಹಿಡಿದು ನಿಂತಿದ್ದರು. ಅವರು ನೋಡುತ್ತಿದ್ದದ್ದು ನನ್ನ ಟ್ಯಾಂಕನ್ನಲ್ಲ, ಹಿಂದೆ ಕೂತ ಇವಳನ್ನು, ಹಿಡಿಯ ಮೇಲಿದ್ದ ಆ ಕೈಯನ್ನು. ಆ ಮುಖಭಾವ ನನಗೆ ಚೆನ್ನಾಗಿ ಗೊತ್ತು, ಇಷ್ಟು ದಿನ ನಾನೇ ಹೊತ್ತು ತಿರುಗಿದ್ದು. ಪಾಪ ಅನ್ನಿಸಿತು. ಆದರೂ ಗೇಟಿನವರೆಗೆ ಬೇಕೆಂದೇ ನಿಧಾನವಾಗಿ ಹೋದೆ.