ಸಕ್ಕರೆಯಿಲ್ಲದ ಚಹಾ

ನನ್ನ ಅಕ್ಕನ ಮಗಳಿಗೆ ಗೋವಾದ ಕೊರ್ತಾಲಿಮ್ ಹತ್ತಿರದ ಸ್ವಿಚ್ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ದಿನ ಮನೆಯವರೆಲ್ಲ ಪೇಢೆ ತಿಂದರು. ನಾನೊಬ್ಬನೇ ಸುಳ್ಳು ಹುಡುಕುತ್ತ ಕೂತೆ.

ಅವಳಿಗೆ ಹುಟ್ಟಿದಾಗಿನಿಂದ ಎಚ್‌ಐವಿ ಇದೆ. ಅಕ್ಕ ತೀರಿಕೊಂಡ ಮೇಲೆ, ನಾಲ್ಕು ವರ್ಷದವಳಿದ್ದಾಗಿನಿಂದ, ವಾಸ್ಕೋದ ನಮ್ಮ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಬೆಳೆದಳು. ದಿನಾ ಗುಳಿಗೆ ನುಂಗುತ್ತಾಳೆ, ನನಗಿಂತ ಗಟ್ಟಿಯಾಗಿದ್ದಾಳೆ. ವರ್ಷಕ್ಕೆ ಆರು ಸಲ ನೆಗಡಿಯಾಗುವುದು ನನಗೆ. ಆದರೆ ಗುಳಿಗೆ ತರಲು ತಿಂಗಳಿಗೊಮ್ಮೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೊಸದಾಗಿ ಸೇರಿದವರು ರಜೆ ಕೇಳಿದರೆ ಕಾರ್ಖಾನೆಯವರು ಮನೆಗೇ ಕಳಿಸುತ್ತಾರೆಂದು ಕೇಳಿದ್ದೆ. ಅದರ ಮೇಲೆ ಅಲ್ಲಿಯ ಸೂಪರ್‌ವೈಸರ್ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುವವರು, ನಮ್ಮ ವಿಜಾಪುರದ ಕಡೆಯವರು. ನಮ್ಮವರಲ್ಲಿ ಒಬ್ಬರಿಗೆ ಗೊತ್ತಾದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು.

ಥೈರಾಯ್ಡ್, ಸಕ್ಕರೆ ಕಾಯಿಲೆ, ಕಿಡ್ನಿ ಹರಳು: ಒಂದು ವಾರ ಒಂದೊಂದನ್ನೇ ತೂಗಿ ನೋಡಿದೆ. ಗುಳಿಗೆ ಡಬ್ಬಿಯ ಚೀಟಿ ಕೆರೆದು, ಅಲುಗಾಡಿ ಸದ್ದಾಗದಂತೆ ಒಳಗೆ ಅರಳೆ ತುರುಕಿದೆ. ಹದಿನೈದು ವರ್ಷದಿಂದ ನಮ್ಮ ಮನೆಯ ಪದ್ಧತಿಯೇ ಅದು. "ಕೇಳಿದರ ಥೈರಾಯ್ಡ್ ಅನ್ನು" ಎಂದು ಅವಳಿಗೆ ಕಲಿಸಿದೆ. ಅವಳು ಡಬ್ಬಿ ಇಸಕೊಂಡು ಚೀಲಕ್ಕೆ ಹಾಕಿಕೊಂಡಳು. ಮೊದಲ ದಿನ ಗೇಟಿಗೆ ಬಿಟ್ಟವನು ಜೀವ ತಡೆಯದೆ ಆ ಸೂಪರ್‌ವೈಸರ್ ಬಾಯಿಯ ಹತ್ತಿರ ಹೋಗಿ, "ಹುಡುಗಿಗೆ ಸಕ್ಕರಿ ಕಾಯಿಲಿ ಐತ್ರಿ" ಎಂದುಬಿಟ್ಟೆ. ಯಾವ ರೋಗ ಆರಿಸಿದ್ದೆನೆಂಬುದೇ ಆ ಗಾಬರಿಯಲ್ಲಿ ಮರೆತಿತ್ತು.

ಹದಿನೈದು ದಿನದ ಮೇಲೆ ಸಂಜೆ ಕರೆತರಲು ಹೋದರೆ ಬಾಯಿ ಅವಳನ್ನೂ ನನ್ನನ್ನೂ ಗೇಟಿನಲ್ಲೇ ನಿಲ್ಲಿಸಿದರು.

"ಕಾಕಾ, ದಿನಾ ಈಕಿಗಂತ ಸಕ್ಕರಿ ಇಲ್ಲದ ಚಾ ಮಾಡಿಸಾಕತ್ತೇನಿ. ಇವತ್ತು ನೋಡಿದರ ಕುಂತು ಎರಡು ಜಿಲೇಬಿ ತಿನ್ನಾಕತ್ತಾಳ! ಖರೇ ಹೇಳ್ರಿ, ಏನೈತಿ ಈಕಿಗೆ?"

"ಥೈರಾಯ್ಡ್ ರೀ."

"ಆವತ್ತು ಸಕ್ಕರಿ ಅಂದ್ರಿ?"

"ಎರಡೂ ಐತ್ರಿ" ಎಂದೆ. ಹರಳನ್ನೂ ಸೇರಿಸಲೇ ಎಂದು ಯೋಚಿಸುತ್ತಿದ್ದೆ.

"ಮಾಮಾ, ಸಾಕು ಮಾಡು" ಎಂದವಳೇ ಬಾಯಿಯ ಕಡೆ ತಿರುಗಿದಳು. "ದಿನಾ ಗುಳಿಗಿ ತೊಗೋತೇನ್ರಿ, ಸಣ್ಣಾಕಿ ಇದ್ದಾಗಿಂದ. ಯಾವ ಜಡ್ಡಿಗೆ ಅಂತ ನಾ ಹೇಳಾಂಗಿಲ್ಲ. ಹೇಳಾಕಬೇಕು ಅಂತ ಕಾಯಿದಿನೂ ಇಲ್ಲ. ಜೋಡಿ ಕುಂತು ಕೆಲಸ ಮಾಡಾವ್ರಿಗೆ ಅದರಿಂದ ಏನೂ ಆಗಾಂಗಿಲ್ರಿ. ತಿಂಗಳಿಗೆ ಒಂದು ದಿನ ದವಾಖಾನಿಗೆ ಹೋಗಬೇಕು. ಅದರ ಬದಲಿ ರವಿವಾರ ಬರ್ತೇನಿ."

ಈ ಮಾತು ಎಲ್ಲಿ ಕಲಿತಳು? ಆಮೇಲೆ ಅವಳೇ ಹೇಳಿದಳು: ಆಸ್ಪತ್ರೆಯಲ್ಲಿ ಅವಳಂಥ ಹುಡುಗ ಹುಡುಗಿಯರು ಸೇರುತ್ತಾರೆ. ಹೋಟೆಲಿನಲ್ಲಿ ದುಡಿಯುವವರು, ಸಾಂಖಳಿ ಊರಿನ ಗ್ಯಾರೇಜಿನಲ್ಲಿರುವವನೊಬ್ಬ, ಎಲ್ಲರೂ. ಕೆಲಸದಲ್ಲಿ ಹೇಗೆ ಮಾತಾಡಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರಂತೆ. ಆಗೆಲ್ಲ ನಾನು ಹೊರಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತಿರುತ್ತಿದ್ದೆ.

ಬಾಯಿ ಕೈಯಲ್ಲಿದ್ದ ಹಾಜರಿ ಪುಸ್ತಕ ತೆರೆದರು. ನಾನು ಆಗಲೇ ಮನಸ್ಸಿನಲ್ಲಿ ಖೋಲಿ ಖಾಲಿ ಮಾಡುತ್ತಿದ್ದೆ.

"ರವಿವಾರ ತಪ್ಪಿಸಬ್ಯಾಡ ಮತ್ತ. ನಾಳಿಂದ ಎರಡನೇ ಲೈನಿಗೆ ಕುಂದ್ರು, ಅಲ್ಲೆ ಕೈ ಚುರುಕ್ ಇರಬೇಕು" ಎಂದರು ಬಾಯಿ. ಆಮೇಲೆ ನನಗೆ, "ಕಾಕಾ, ನೀವಽ ಯಾರಿಗರ ತೋರಿಸಿಕೋರಿ. ಇಷ್ಟು ಬೆವರು ಚಲೋ ಅಲ್ಲ."

ಗಾಡಿಯ ಚಾವಿ ಅವಳೇ ಇಸಕೊಂಡಳು. ನಾನು ಹಿಂದೆ ಕೂತೆ. ಎರಡನೇ ಲೈನಿನಲ್ಲಿ ಸ್ಪ್ರಿಂಗ್ ಹೇಗೆ ಕೂರಿಸುತ್ತಾರೆಂದು ದಾರಿಯುದ್ದಕ್ಕೂ ಕೂಗಿ ಕೂಗಿ ಹೇಳುತ್ತಿದ್ದಳು. ಗಾಳಿಗೆ ಅರ್ಧವೂ ಕೇಳಲಿಲ್ಲ. ಆದರೂ ಪ್ರತಿ ಮಾತಿಗೂ ಹೌದು, ಹೌದು ಎನ್ನುತ್ತಲೇ ಇದ್ದೆ.