ಬ್ಯಾಂಕಿನ ಹಿಂಬಾಗಿಲ ಚಿಲಕ

ಹಳೆಯ ಬ್ಯಾಂಕಿನ ಕಟ್ಟಡಕ್ಕೆ ಈಗ ತೊಂಬತ್ತು ವರ್ಷ. ಮೊಳದಗಲದ ಗೋಡೆ, ಜನರ ಕೈ ತಾಗಿ ತಾಗಿ ನುಣುಪಾದ ತೇಗದ ಕೌಂಟರು, ಎತ್ತರದ ಚಾವಣಿ. ಆ ಚಾವಣಿಯ ಗಾರೆಯಲ್ಲಿ ಅಂಗೈಯಗಲದ ಒಂದು ಕುಳಿ. ಊರಿಗೆ ಊರೇ ಅದನ್ನು ಕತ್ತೆತ್ತಿ ನೋಡಿದೆ. ಕಳ್ಳರನ್ನು ಓಡಿಸಿದ ಗುಂಡಿನ ಗುರುತಂತೆ ಅದು, ಹೊಡೆದವನು ಕಾವಲುಗಾರ. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ಗುಂಡಣ್ಣ.

ನಿಜ ಏನೆಂದರೆ, ಕಳ್ಳರು ಬಂದೇ ಇರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಎಲ್ಲರೂ ಮಹಡಿಯ ಮೇಲೆ ಊಟಕ್ಕೆ ಕೂತಿದ್ದಾಗ, ಈ ಶೂರ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ತೊಡೆಯ ಮೇಲಿದ್ದ ಬಂದೂಕು ಜಾರಿತು, ಢಂ ಎಂದಿತು, ತಲೆಯ ಮೇಲೆ ಗಾರೆ ಉದುರಿತು. ಕೆಲಸ ಹೋಯಿತಲ್ಲಪ್ಪಾ ಎಂದು ಹೆದರಿದವನಿಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ. ಓಡಿಹೋಗಿ ಹಿಂಬಾಗಿಲ ಚಿಲಕ ತೆಗೆದ. ಮೆಟ್ಟಿಲಿಳಿದು ಬಂದವರ ಮುಂದೆ, "ಕಳ್ಳರು! ಹಿಂದಿನಿಂದ ನುಗ್ಗಿದ್ರು!" ಎಂದು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿಬಿಟ್ಟ.

ಹೊಡೆತ ಬಿದ್ದದ್ದು ಮಾತ್ರ ಕಸ ಗುಡಿಸುವ ಅಕ್ಕನಿಗೆ. ಹಿಂಬಾಗಿಲು ಹಾಕುವುದು ಅವಳ ಕೆಲಸ. "ಹಾಕಿದ್ದೆ ಸಾರ್" ಎಂದಳು. ನಾಲ್ಕು ಜನ ನಾಲ್ಕು ದಿನ ಕೇಳಿದ ಮೇಲೆ "ಹಾಕಿದ್ದೆ ಅನ್ಸುತ್ತೆ ಸಾರ್" ಎಂದಳು. ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು. ಗುಂಡಣ್ಣನಿಗೆ ಗಾಜಿನ ಚೌಕಟ್ಟಿನ ಪ್ರಶಂಸಾಪತ್ರ ಕೊಟ್ಟರು. ಅದನ್ನು ಅವನ ಹೆಂಡತಿ ನಡುಮನೆಯಲ್ಲಿ ತೂಗುಹಾಕಿದಳು. ಅದರ ಕೆಳಗೆ ಉಣ್ಣಲಾಗದೆ ಅವನು ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದ. ಹಾಗೆಂದು ಬಾಯಿ ಬಿಟ್ಟನೇ? ಅದೂ ಇಲ್ಲ. ಅಕ್ಕ ಎದುರಾದರೆ ಬೀದಿ ಬದಲಿಸುತ್ತಿದ್ದ, ಅಷ್ಟೇ.

ಈಗ ಬ್ಯಾಂಕು ಬೇರೆಡೆಗೆ ಹೋಗಿ, ಹಳೆಯ ಕಟ್ಟಡ ವಾಚನಾಲಯವಾಗುತ್ತಿದೆ. ಅದರ ಇತಿಹಾಸವನ್ನು ಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಬಳಿ ನಿಲ್ಲಿಸುತ್ತಾರಂತೆ. ಶಾಲೆಯ ಮೇಷ್ಟ್ರು ಬರೆದುಕೊಂಡು ಬಂದು ಗುಂಡಣ್ಣನಿಗೆ ಓದಿ ಹೇಳಿದರು: "ಕೆಲಸದಾಕೆ ಚಿಲಕ ಹಾಕಲು ಮರೆತ ಕಾರಣ ಒಳನುಗ್ಗಿದ ಕಳ್ಳರನ್ನು..."

"ಆ ಸಾಲು ಬೇಡ ಮೇಷ್ಟ್ರೇ."

"ಯಾಕೆ ಗುಂಡಣ್ಣ? ನಡೆದದ್ದೇ ತಾನೆ?"

ಬಾಯಿಮಾತಾದರೆ ಗಾಳಿಗೆ ಹೋದೀತು, ಕಲ್ಲಿಗೆ ಬಿದ್ದದ್ದು ಹೋದೀತೇ? ಅಕ್ಕನ ಮೊಮ್ಮಕ್ಕಳು ಅದನ್ನು ಓದುತ್ತಾರೆ ಎಂದುಕೊಂಡಾಗ ಅವನಿಗೆ ತನ್ನ ಮೇಲೇ ಅಸಹ್ಯ ಬಂತು. "ನಾಳೆ ಹೇಳ್ತೀನಿ. ಅದಕ್ಕೂ ಮೊದಲು ಇನ್ನೊಬ್ಬರಿಗೆ ಹೇಳೋದಿದೆ," ಎಂದು ಚಪ್ಪಲಿ ಮೆಟ್ಟಿದ.

ಅಕ್ಕ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದ. ನಾಲ್ಕು ಬಾರಿಸಿದರೂ ಸರಿಯೇ ಎಂದುಕೊಂಡಿದ್ದ. ಅವಳು ಬೈಯಲಿಲ್ಲ.

"ಹಾಗಾದ್ರೆ ನಾನು ಚಿಲಕ ಹಾಕಿದ್ದೆ?"

"ಹಾಕಿದ್ದೆ ಅಕ್ಕ. ತೆಗೆದವನು ನಾನು."

"ಸರಿಯಾಗಿ ಹಾಕಿದ್ದೆನಾ?"

"ಬಿಗಿಯಾಗಿತ್ತು. ಎರಡೂ ಕೈಲಿ ಎಳೀಬೇಕಾಯ್ತು."

ಅಕ್ಕ ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ಒಗೆಯುವ ಕಲ್ಲಿನ ಮೇಲೆ ಕೂತಳು.

"ನಮ್ಮನೆಯವರು ಇರೋ ತನಕ, ನಾನು ಬಾಗಿಲು ಹಾಕಿ ಬಂದ್ಮೇಲೆ ಅವರು ಎದ್ದು ಹೋಗಿ ಇನ್ನೊಂದ್ಸಲ ನೋಡ್ಕೊಂಡು ಬರೋರು ಕಣೋ," ಎಂದಳು. "ನಾನೇ ಕಳಿಸ್ತಿದ್ದೆ."