ವಜೀರಬಿ ಗುರುತು ಹಿಡಿದ ಕೈ

ಹೆಂಡತಿಯ ಜೊತೆ ಬಳೆ ಅಂಗಡಿಗೆ ಹೋದ ಗಂಡಸಿಗೆ ಕೂರಲು ಒಂದು ಸ್ಟೂಲು ಸಿಗುತ್ತದೆ, ಮಾಡಲು ಕೆಲಸ ಸಿಗುವುದಿಲ್ಲ. ಬಸವಕಲ್ಯಾಣದ ವಜೀರಬಿಯ ಅಂಗಡಿಯಲ್ಲಿ ನನ್ನ ಹೆಂಡತಿ ಮನಿಷಾ ಹಸಿರು ಬಳೆಯಲ್ಲೇ ಹದಿನಾಲ್ಕು ಬಗೆ ನೋಡುತ್ತಿದ್ದಾಗ ನಾನು ಮೊಬೈಲಿನಲ್ಲಿ ಇತಿಹಾಸದ ಸೇವೆ ಮಾಡುತ್ತಿದ್ದೆ. ಒಂದು ಜಾಲತಾಣದಲ್ಲಿ ಹಳೆಯ ದಾಖಲೆ, ಫೋಟೋಗಳನ್ನು ಹಾಕಿರುತ್ತಾರೆ. ಅದರಲ್ಲಿರುವ ಬರಹವನ್ನು ಟೈಪು ಮಾಡಿ, ಯಾರು, ಎಲ್ಲಿ, ಏನು ಎಂದು ಗುರುತು ಹಚ್ಚುವುದು ನನ್ನಂಥ ಸ್ವಯಂಸೇವಕರ ಕೆಲಸ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ತರಗತಿಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ. ಜಾಲತಾಣವಾದರೂ ‘ಧನ್ಯವಾದ’ ಅನ್ನುತ್ತದೆ.

ಅಂದಿನ ಫೋಟೋ ೧೯೭೯ರ ಹುಮನಾಬಾದಿನದು. ಅಕ್ಷರ ಕಲಿಯಲು ಬಂದ ಹತ್ತು ಹೆಂಗಸರು ಪಾಟಿ ಹಿಡಿದು ನಿಂತಿದ್ದಾರೆ. ಒಂಬತ್ತು ಜನ ಎದೆಗೆ ಹಿಡಿದಿದ್ದರೆ ಹತ್ತನೆಯಾಕೆ ಮುಖಕ್ಕೇ ಅಡ್ಡ ಹಿಡಿದಿದ್ದಾಳೆ. ಕಾಣುವುದು ಎರಡು ಕೈ ಮಾತ್ರ. ನಾನು ಬರೆದೆ: ‘ಅಪರಿಚಿತ ಮಹಿಳೆ. ಬಲಗೈಗೆ ಬಳೆಯಿಲ್ಲ, ಬಡತನದ ಸೂಚನೆ. ಮಣಿಕಟ್ಟಿನ ಹತ್ತಿರ ಶಾಯಿಯ ಕಲೆ. ಪಾಟಿಯ ಬರಹ ಓದಲಾಗದು.’

ವಜೀರಬಿ ಕತ್ತು ಚಾಚಿ ನೋಡಿದಳು. “ಇದು ಮೀರಾಬಾಯಿ ಕೈ ಅಲ್ಲೇನ್ರಿ?”

“ಮುಖಾನೇ ಕಾಣಾಕತ್ತಿಲ್ಲಲ್ಲ ಖಾಲಾ.”

“ಮುಖ ನೋಡಿ ಬಳಿ ಇಡ್ತಾರೇನ್ರಿ ಮಾಸ್ತರ?”

ಮನಿಷಾ ನಕ್ಕಳು. ಅವಳು ಯಾವತ್ತು ನನ್ನ ಪಕ್ಷ?

ಮದುವೆಯಾದ ವರ್ಷವೇ ಅತ್ತೆಯ ಹಿಂದೆ ಬಳೆಯ ಬುಟ್ಟಿ ಹೊತ್ತು ರಾಜೇಶ್ವರ, ಹುಡಗಿ, ನಿರ್ಣಾ ಎಂದು ಊರೂರು ತಿರುಗಿದವಳು ವಜೀರಬಿ. ಈಗ ಅರವತ್ತೆಂಟು. “ಬಳಿ ಇಡಸ್ಕೋತ ಹೆಂಗಸ್ರು ಅತ್ತಿ ಸುದ್ದಿ ಹೇಳ್ತಾರ. ಮುಖ ನೋಡಿದ್ರ ಅಲ್ಲಿಗೇ ನಿಲ್ಲಸ್ತಾರ. ಅದಕ್ಕ ನಾ ಕೈ ನೋಡ್ಕೋತ ಕೇಳ್ತೀನಿ.”

ನಿರ್ಣಾದ ಮೀರಾಬಾಯಿ ಸೂಲಗಿತ್ತಿಯಂತೆ. ಎಡಗೈಗೆ ಮಾತ್ರ ಬಳೆ. “ಬಲಗೈಗಿ ಗಾಜು ಬ್ಯಾಡ, ಕೂಸಿಗಿ ಹತ್ತೀತು ಅಂತಿದ್ಲು. ನಮ್ಮತ್ತಿ ಜಗಳಾಡಿ ಸೋತ್ಲು. ಮತ್ತ ಇದು ಕಲೆ ಅಲ್ರಿ, ಚೇಳಿನ ಹಚ್ಚಿ. ಹಾಕೂವಾಗ ನೋವು ತಾಳಲಾರದೆ ಎದ್ದು ಓಡಿದ್ಲಂತ, ಕೊಂಡಿ ಹಾಕೂದು ಉಳದೇಬಿಟ್ಟದ. ನನ್ನ ಮೂರೂ ಮಕ್ಕಳನ್ನ ಮೊದಲ ಹಿಡದದ್ದು ಈ ಕೈ.” ಆಮೇಲೆ ದನಿ ತಗ್ಗಿಸಿದಳು: “ಹೆಸರು ಬರೀರಿ. ಅಕಿ ಮಗಳು ವಿಶಾಖಾನ ಹತ್ರ ಅವ್ವಂದು ಒಂದೂ ಫೋಟೋ ಇಲ್ಲ.”

ಬರೆದೆ. ಮರುದಿನ ಪರಿಶೀಲಕರ ಉತ್ತರ ಬಂತು: ‘ಮುಖ ಕಾಣದವರ ಹೆಸರಿಗೆ ಇನ್ನೊಂದು ಆಧಾರ ಬೇಕು. ಭಾನುವಾರದೊಳಗೆ ಬರದಿದ್ದರೆ ಅಪರಿಚಿತ ಎಂದೇ ಉಳಿಯುತ್ತದೆ.’

ಶನಿವಾರ ವಜೀರಬಿಯೂ ನಾನೂ ಹುಮನಾಬಾದಿನ ಬಸ್ಸು ಹತ್ತಿದೆವು. ವಿಶಾಖಾ ಅಲ್ಲಿ ಹೊಲಿಗೆ ಕಲಿಸುತ್ತಾಳೆ. ಸಾಕ್ಷಿ ಕೆಡಬಾರದೆಂದು ವಜೀರಬಿಗೆ ಸುಮ್ಮನಿರಲು ಹೇಳಿದ್ದೆ. ಪಾಪ, ಸೆರಗಿನಿಂದ ಬಾಯಿ ಒತ್ತಿ ಹಿಡಿದು ಕೂತಿದ್ದಳು.

“ನಿಮ್ಮ ತಾಯಿ ಕೈ ಹ್ಯಾಂಗಿತ್ರಿ?” ಎಂದೆ.

“ಬಲಗೈಮ್ಯಾಲ ಚೇಳು ಇತ್ರಿ, ಕೊಂಡಿ ಇದ್ದಿಲ್ಲ. ಯಾಕ್ರಿ ಸರ?”

“ನಾ ಹೇಳಿದ್ದಿಲ್ಲಾ!” ವಜೀರಬಿಯ ಬಾಯಿಂದ ಸೆರಗು ಜಾರಿತು.

ಫೋಟೋ ತೋರಿಸಿದೆ. ವಿಶಾಖಾ ಮೊಬೈಲನ್ನು ಕೈಗೆ ತೆಗೆದುಕೊಂಡಳು. “ಕೈ ಅವ್ವಂದೇ. ಆದ್ರ ಅಕಿ ಯಾವಾಗ ಕಲೀಲಿಕ್ಕ ಹೋಗಿದ್ಲು? ಸಾಯೂತನಕ ಹೆಬ್ಬಟ್ಟು ಒತ್ತಿದಾಕಿ!”

ಪಾಟಿಯನ್ನು ಹಿಗ್ಗಿಸಿದಳು. ಏನೋ ಅನ್ನಿಸಿ ಮೊಬೈಲನ್ನು ತಲೆಕೆಳಗು ಮಾಡಿದಳು. ನಾನು ‘ಓದಲಾಗದು’ ಎಂದು ಷರಾ ಬರೆದಲ್ಲಿ ಎರಡು ಡೊಂಕು ಅಕ್ಷರ: ಮೀರಾ. ಬರೆದ ಪಾಟಿಯನ್ನು ಕ್ಯಾಮೆರಾದ ಕಡೆ ತಿರುಗಿಸುವ ಗಡಿಬಿಡಿಯಲ್ಲಿ ಮೇಲಿನದು ಕೆಳಗಾಗಿತ್ತು. ಆಕೆ ಬರೆದದ್ದು ಸರಿಯಾಗಿಯೇ ಇತ್ತು. ಓದಲು ಬಾರದವನು ನಾನು.

“ಅವ್ವ ನಮಗ್ಯಾಕ ಹೇಳಲಿಲ್ಲ ಖಾಲಾ?”

“ಮುಖದ ಮುಂದ ಪಾಟಿ ಹಿಡದಾಕಿ, ಮನ್ಯಾಗ ಹೇಳ್ತಾಳೇನವ್ವ?”

ಸಂಜೆಗೇ ಒಪ್ಪಿಗೆ ಬಂತು: ‘ಮೀರಾಬಾಯಿ, ಸೂಲಗಿತ್ತಿ, ನಿರ್ಣಾ. ಗುರುತಿಸಿದವರು: ವಜೀರಬಿ, ವಿಶಾಖಾ.’ ನನ್ನ ಖಾತೆಯಲ್ಲಿ ‘ತಿದ್ದಿದ ತಪ್ಪುಗಳು’ ಎಂಬಲ್ಲಿ ನಾಲ್ಕು ಏರಿತು. ಧನ್ಯವಾದ ಬರಲಿಲ್ಲ.

ಮುಂದಿನ ವಾರ ಅಂಗಡಿಯಲ್ಲಿ ಕೂತಿದ್ದಾಗ ವಿಶಾಖಾಳ ಫೋನು. ದೊಡ್ಡ ಪ್ರಿಂಟು ಹಾಕಿಸಿ, ಮೊಳೆ ಹೊಡೆದು, ಯೋಚನೆಗೆ ಬಿದ್ದಿದ್ದಳು.

“ಹ್ಯಾಂಗ ಹಾಕ್ಲಿ ಸರ? ಸೀದಾ ಹಾಕಿದ್ರ ಹೆಸರು ಉಲ್ಟಾ. ಹೆಸರು ಸೀದಾ ಮಾಡಿದ್ರ ಅವ್ವ ಉಲ್ಟಾ.”

ಇತಿಹಾಸದ ಮೇಷ್ಟ್ರು ಫೋನನ್ನು ಸ್ಪೀಕರಿಗೆ ಹಾಕಿ ಪ್ರಶ್ನೆಯನ್ನು ವಜೀರಬಿಗೆ ದಾಟಿಸಿದ. ವಜೀರಬಿ ಒಬ್ಬ ಹೆಂಗಸಿನ ಕೈಗೆ ಬಳೆ ಏರಿಸುತ್ತ, ತಲೆ ಎತ್ತದೆ ಹೇಳಿದಳು: “ಅವ್ವನ್ನ ಸೀದಾ ಹಾಕು ಬೇಟಾ. ಓದಬೇಕಂದವ್ರು ಕುತಗಿ ತಿರುವಲಿ.”